ಡ್ಯಾಶ್‌ಬೋರ್ಡ್ ತೆರೆಯುತ್ತಾರೆ, ಎಕ್ಸೆಲ್‌ಗೆ ಇಳಿಸಿಕೊಂಡು ಹೊರಡುತ್ತಾರೆ: ಯಾಕೆ?

ಅಂಕಿನೋಟ

ಒಂದು ಸಗಟು ವಿತರಣಾ ಸಂಸ್ಥೆಯಲ್ಲಿ ಆರು ವರ್ಷಗಳಿಂದ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ವ್ಯವಹಾರದ ದತ್ತಾಂಶವನ್ನು ಜೋಡಿಸಿ ತೋರಿಸುವ) ವರದಿಗಳನ್ನು ಸಿದ್ಧಪಡಿಸುತ್ತಿದ್ದೇನೆ. ಕಳೆದ ವರ್ಷ ನಾವು ಮೂವರು ನಾಲ್ಕು ತಿಂಗಳು ಕುಳಿತು ಮಾರಾಟ, ದಾಸ್ತಾನು, ವಸೂಲಿ ಮೂರನ್ನೂ ಒಂದೇ ಕಡೆ ನೋಡಬಹುದಾದ ಡ್ಯಾಶ್‌ಬೋರ್ಡ್ ಕಟ್ಟಿದೆವು. ಒಟ್ಟು ಒಂಬತ್ತು ಪುಟ. ಮೊದಲ ಪುಟದಲ್ಲಿ ಮುಖ್ಯ ಅಂಕಿಗಳು. ಅಲ್ಲಿಂದ ಒತ್ತುತ್ತಾ ಹೋದರೆ ವಲಯ, ಶಾಖೆ, ಗ್ರಾಹಕ, ಕೊನೆಗೆ ಒಂದೊಂದು ಬಿಲ್ಲಿನವರೆಗೂ ಇಳಿಯಬಹುದು. ತರಬೇತಿ ಕೊಟ್ಟೆವು, ಕೈಪಿಡಿ ಬರೆದೆವು.

ಹೋದ ವಾರ ಬಳಕೆಯ ದಾಖಲೆ ತೆಗೆದು ನೋಡಿದೆ. ಯಾರು ಯಾವ ಪುಟ ತೆರೆದರು, ಎಷ್ಟು ಬಾರಿ ತೆರೆದರು, ಏನನ್ನು ಇಳಿಸಿಕೊಂಡರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ದಿನವೂ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೇರವಾಗಿ ಒಂಬತ್ತನೆಯ ಪುಟಕ್ಕೆ, ಅಂದರೆ ಬಿಲ್ಲುಗಳ ಉದ್ದನೆಯ ಪಟ್ಟಿಗೆ ಹೋಗುತ್ತಾರೆ. ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಾರೆ, ಮುಚ್ಚಿ ಹೊರಡುತ್ತಾರೆ. ನಡುವಿನ ಏಳು ಪುಟಗಳನ್ನು ತೆರೆದವರೇ ವಿರಳ.

ನಮ್ಮ ಮೇಲಧಿಕಾರಿಗಳು ‘ಇನ್ನೊಂದು ಸುತ್ತು ತರಬೇತಿ ಕೊಡಿ’ ಎನ್ನುತ್ತಿದ್ದಾರೆ. ಕಾರಣ ಅದಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ಈ ವೇದಿಕೆಯಲ್ಲಿ ವರದಿ ಮಾಡುವವರಿಗಿಂತ ವರದಿ ಬಳಸುವವರೇ ಹೆಚ್ಚು ಇದ್ದೀರಿ. ನಿಮ್ಮ ದಿನದ ಕೆಲಸದಲ್ಲಿ ಈ ವ್ಯವಸ್ಥೆ ನಿಜವಾಗಿ ಹೇಗೆ ಬಳಕೆಯಾಗುತ್ತದೆ? ಇಳಿಸಿಕೊಂಡ ಮೇಲೆ ಆ ಕಡತವನ್ನು ಏನು ಮಾಡುತ್ತೀರಿ? ದಯವಿಟ್ಟು ಮುಚ್ಚುಮರೆಯಿಲ್ಲದೆ ಬರೆಯಿರಿ.

ತಾಳೆಪುಸ್ತಕ

ಸಂಸ್ಥೆ ಬೇರೆಯಾದರೂ ನೀವು ಹೇಳುವ ಆ ಜನರಲ್ಲಿ ನಾನೂ ಒಬ್ಬಳು. ಹದಿನಾಲ್ಕು ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನಗೆ ತರಬೇತಿಯ ಕೊರತೆ ಇಲ್ಲ. ಫಿಲ್ಟರ್ ಹಾಕುವುದೂ ಗೊತ್ತು, ಒಳಕ್ಕೆ ಇಳಿಯುವುದೂ ಗೊತ್ತು. ಆದರೂ ಇಳಿಸಿಕೊಳ್ಳುತ್ತೇನೆ. ಯಾಕೆಂದು ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ತಿಂಗಳ ಮೊದಲ ವಾರದಲ್ಲಿ ಹಿಂದಿನ ತಿಂಗಳ ಮಾರಾಟದ ಮೊತ್ತವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಆಡಳಿತ ಮಂಡಳಿಯ ಟಿಪ್ಪಣಿಯಲ್ಲಿ ಬರೆದುಕೊಟ್ಟೆ. ಹನ್ನೆರಡು ದಿನ ಕಳೆದು ಸಭೆ ಸೇರಿತು. ಒಬ್ಬ ನಿರ್ದೇಶಕರು ಅದೇ ಪುಟವನ್ನು ಗೋಡೆಯ ಪರದೆಯ ಮೇಲೆ ತೆರೆಸಿದರು. ಅದೇ ತಿಂಗಳು, ಅದೇ ಶೀರ್ಷಿಕೆ, ಮೊತ್ತ ಮಾತ್ರ ಬೇರೆ. ಇಡೀ ಕೋಣೆ ನನ್ನ ಕಡೆ ತಿರುಗಿತು. ನನ್ನ ಬಳಿ ಉತ್ತರವಿರಲಿಲ್ಲ.

ಆ ಸಂಜೆ ಬಿಲ್ಲು ಬಿಲ್ಲು ಹಿಡಿದು ಹುಡುಕಿದೆ. ತಿಂಗಳು ಮುಗಿದ ಮೇಲೆ ಹಿಂದಿರುಗಿ ಬಂದ ಸರಕಿಗೆ ಕೊಟ್ಟ ಕ್ರೆಡಿಟ್ ನೋಟುಗಳನ್ನು (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಬಿಐ ವ್ಯವಸ್ಥೆ ಮೂಲ ಬಿಲ್ಲಿನ ತಾರೀಖಿಗೆ ಜೋಡಿಸುತ್ತಿತ್ತು. ಹಾಗಾಗಿ ಮುಗಿದುಹೋದ ತಿಂಗಳ ಮಾರಾಟ ದಿನದಿನವೂ ಕರಗುತ್ತಲೇ ಇತ್ತು. ನಮ್ಮ ಖಾತೆ ಪುಸ್ತಕದಲ್ಲಿ ಕ್ರೆಡಿಟ್ ನೋಟು ಅದನ್ನು ಬರೆದ ತಿಂಗಳಿಗೇ ಸೇರುತ್ತದೆ. ಎರಡೂ ಕ್ರಮಗಳಿಗೆ ಅವುಗಳದೇ ನ್ಯಾಯವಿದೆ. ಆದರೆ ಪರದೆಯ ಮೇಲೆ ‘ಮಾರಾಟ’ ಎಂಬ ಒಂದೇ ಪದ ಇತ್ತು. ಯಾವ ಮಾರಾಟ ಎಂದು ಎಲ್ಲೂ ಬರೆದಿರಲಿಲ್ಲ.

ಅಂದಿನಿಂದ ನಾನು ಅಂಕಿ ತೆಗೆದ ದಿನವೇ ಪೂರ್ತಿ ಪಟ್ಟಿಯನ್ನು ಇಳಿಸಿಕೊಂಡು, ಕಡತದ ಹೆಸರಿನಲ್ಲಿ ತಾರೀಖು, ಗಂಟೆ ಹಾಕಿ ಇಡುತ್ತೇನೆ. ಕೆಳಗಿನ ಮೊತ್ತವನ್ನು ದಿನವಹಿಯ ಜೊತೆ ತಾಳೆ ನೋಡಿ, ಸರಿ ಹೊಂದಿದ ಮೇಲೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಆ ಕಡತ ನನಗೆ ಸಾಕ್ಷಿ. ನಾಳೆ ಯಾರಾದರೂ ಕೇಳಿದರೆ ‘ಅಂದು ಹೀಗಿತ್ತು’ ಎಂದು ತೋರಿಸಬಹುದು. ಡ್ಯಾಶ್‌ಬೋರ್ಡ್ ಯಾವಾಗಲೂ ಇವತ್ತಿನದನ್ನೇ ಹೇಳುತ್ತದೆ, ಆದರೆ ಸಹಿ ಹಾಕುವವಳಿಗೆ ಸಹಿ ಹಾಕಿದ ದಿನದ ಅಂಕಿ ಬೇಕು.

ಕೋಷ್ಟಕ

ತಾಳೆಪುಸ್ತಕ ಅವರ ಮಾತು ನೂರಕ್ಕೆ ನೂರು ಸತ್ಯ. ನಾನು ಡೇಟಾ ಇಂಜಿನಿಯರ್. ಮೂಲ ವ್ಯವಸ್ಥೆಗಳಿಂದ ದತ್ತಾಂಶ ತಂದು ಗೋದಾಮಿಗೆ ತುಂಬುವುದು ನನ್ನ ಕೆಲಸ (ಡೇಟಾ ವೇರ್‌ಹೌಸ್ ಎಂಬ ಗೋದಾಮು, ಸರಕಿನದ್ದಲ್ಲ). ಕಳೆದ ತಿಂಗಳ ಅಂಕಿ ತಾನಾಗಿ ಬದಲಾಗುವ ದೂರನ್ನು ನಾನು ಕೆಲಸ ಮಾಡಿದ ಪ್ರತಿಯೊಂದು ಕಡೆಯೂ ಕೇಳಿದ್ದೇನೆ. ತಿಂಗಳು ಮುಗಿದ ಕೂಡಲೇ ಆ ತಿಂಗಳ ಒಂದು ಪ್ರತಿಯನ್ನು ಬೀಗ ಹಾಕಿ ಇಡುವುದು ಕಷ್ಟದ ಕೆಲಸವೇನಲ್ಲ. ಕೇಳಿದವರು ಇರಲಿಲ್ಲ ಎಂದು ನಾವು ಮಾಡಿರುವುದಿಲ್ಲ, ಅಷ್ಟೇ.

ಆದರೆ ಇಳಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇಳಿಸಿಕೊಂಡ ಕಡತ ಪೂರ್ತಿಯಾಗಿದೆ ಎಂದು ನಂಬಬೇಡಿ. ಮೈಕ್ರೋಸಾಫ್ಟ್‌ನ ಡ್ಯಾಶ್‌ಬೋರ್ಡ್ ತಂತ್ರಾಂಶ ಪವರ್ ಬಿಐ ವರದಿಯ ಒಂದು ಪಟ್ಟಿಯಿಂದ ಎಕ್ಸೆಲ್‌ಗೆ ಇಳಿಸಿದರೆ ಹೆಚ್ಚೆಂದರೆ 1,50,000 ಸಾಲು ಬರುತ್ತದೆ, ಸಿಎಸ್‌ವಿ (ಸರಳ ಪಠ್ಯದ) ಕಡತಕ್ಕಾದರೆ 30,000. ಅದಕ್ಕಿಂತ ಉದ್ದದ ಪಟ್ಟಿಯಾದರೆ ಉಳಿದದ್ದು ಬರುವುದಿಲ್ಲ. ಎಕ್ಸೆಲ್‌ಗೂ ಮಿತಿಯಿದೆ: 2007ರ ಆವೃತ್ತಿಯಿಂದ ಈಚೆಗೆ ಒಂದು ಹಾಳೆಯಲ್ಲಿ 10,48,576 ಸಾಲು, ಅದಕ್ಕೂ ಹಿಂದಿನ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ ಬರೀ 65,536.

ಆ ಹಳೆಯ ಮಿತಿ ಏನು ಮಾಡಬಲ್ಲದು ಎಂಬುದು 2020ರಲ್ಲಿ ಇಂಗ್ಲೆಂಡಿನಲ್ಲಿ ಎಲ್ಲರ ಕಣ್ಣೆದುರೇ ಆಯಿತು. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ಎಳೆದುಕೊಳ್ಳುತ್ತಿತ್ತು. ಸಾಲುಗಳು ತುಂಬಿದವು, ಮುಂದಿನವು ಉದುರಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕಕ್ಕೇ ಬರಲಿಲ್ಲ. ಸೋಂಕಿತರಿಗೆ ಅವರವರ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ಹಿಂದೆ ಬಿತ್ತು. ಕಡತದ ಕೊನೆಯ ಸಾಲಿನ ಸಂಖ್ಯೆ ನೋಡುವ ಅಭ್ಯಾಸವನ್ನು ನಾನು ಅಂದಿನಿಂದ ಬಿಟ್ಟಿಲ್ಲ. ಸಾಲುಗಳ ಎಣಿಕೆ ಮಿತಿಯ ಅಂಕಿಗೆ ಸರಿಯಾಗಿ ನಿಂತಿದ್ದರೆ ಅನುಮಾನಪಡಿ.

ದಾಸ್ತಾನು_ಪಾಳಿ

ನೀವೆಲ್ಲ ಮೇಜಿನ ಮುಂದೆ ಕೂರುವವರ ಮಾತಾಡುತ್ತಿದ್ದೀರಿ. ನಾನು ಗೋದಾಮಿನ ಬೆಳಗಿನ ಪಾಳಿಯ ಮೇಲ್ವಿಚಾರಕಿ (ಸರಕಿನ ಗೋದಾಮು!). ನಮ್ಮಲ್ಲಿ ಇಪ್ಪತ್ತೆರಡು ಜನರಿಗೆ ಒಂದು ಕಂಪ್ಯೂಟರ್. ಅದು ಇರುವುದು ರವಾನೆ ಬಾಗಿಲಿನ ಪಕ್ಕದ ಪುಟ್ಟ ಕೋಣೆಯಲ್ಲಿ. ಕೈಗವಸು ಹಾಕಿಕೊಂಡವರು ಮೌಸ್ ಹಿಡಿದು ಒಂಬತ್ತು ಪುಟ ಸುತ್ತುವುದಿಲ್ಲ.

ನಾನು ಮಾಡುವುದು ಇಷ್ಟು. ಪಾಳಿ ಶುರುವಾಗುವ ಹತ್ತು ನಿಮಿಷ ಮೊದಲು ಡ್ಯಾಶ್‌ಬೋರ್ಡ್ ತೆರೆದು, ದಾಸ್ತಾನು ಪುಟದಲ್ಲಿ ಇವತ್ತಿನ ರವಾನೆಗೆ ಸಾಕಾಗದ ಸರಕು ಯಾವುದು ಎಂದು ನೋಡುತ್ತೇನೆ. ಹೊರಗಿನ ಬಿಳಿ ಹಲಗೆಯ ಮೇಲೆ ಮೂರು ಅಂಕಣ ಎಳೆದು ಸರಕಿನ ಸಂಖ್ಯೆ, ಎಷ್ಟು ಕಡಿಮೆ, ಯಾವ ಸಾಲಿನಲ್ಲಿ ಎಂದು ಬರೆಯುತ್ತೇನೆ. ಹುಡುಗರು ಓಡಾಡುತ್ತಾ ಹಲಗೆ ನೋಡುತ್ತಾರೆ. ತಂದಿಟ್ಟವರು ತಮ್ಮ ಕೈಯಾರೆ ಆ ಸಾಲನ್ನು ಒರೆಸುತ್ತಾರೆ. ನಿಮ್ಮ ಬಳಕೆಯ ದಾಖಲೆಯಲ್ಲಿ ಇದು ‘ಒಬ್ಬರು, ಹತ್ತು ನಿಮಿಷ’ ಎಂದು ಕಾಣುತ್ತದೆ. ಅದನ್ನು ಬಳಸಿದವರು ಇಪ್ಪತ್ತೆರಡು ಜನ.

ಇನ್ನೊಂದು ವಿಷಯ. ನಮ್ಮ ಪರದೆಯಲ್ಲಿ ಸಾಕಷ್ಟಿರುವ ಸರಕಿಗೆ ಹಸಿರು ಚುಕ್ಕೆ, ಸಾಲದ್ದಕ್ಕೆ ಕೆಂಪು ಚುಕ್ಕೆ. ನಮ್ಮ ತಂಡದ ಒಬ್ಬರಿಗೆ ಅವೆರಡೂ ಒಂದೇ ತರಹ ಕಾಣುತ್ತವೆ. ಎರಡು ತಿಂಗಳು ಅವರು ಯಾರಿಗೂ ಹೇಳದೆ, ಪ್ರತಿ ಸಾಲಿನ ಮೇಲೂ ಮೌಸ್ ಇಟ್ಟು ಅಂಕಿ ಓದುತ್ತಿದ್ದರು. ನನಗೆ ತಿಳಿದಾಗ ತುಂಬಾ ನೋವಾಯಿತು. ಚುಕ್ಕೆಯ ಜೊತೆಗೆ ಒಂದು ಬಾಣದ ಗುರುತು ಅಥವಾ ‘ಕಡಿಮೆ’ ಎಂಬ ಪದ ಹಾಕಿ ಎಂದು ಕೇಳಿಕೊಂಡೆ. ಹಾಕಿಕೊಟ್ಟರು.

ಅಂಕಿನೋಟ

ದಾಸ್ತಾನು_ಪಾಳಿ ಅವರೇ, ಬಿಳಿ ಹಲಗೆಯ ವಿಷಯ ಓದಿ ಸುಮ್ಮನೆ ಕುಳಿತೆ. ನಮ್ಮ ಗೋದಾಮಿನಲ್ಲೂ ಹಾಗೇ ಏನೋ ನಡೆಯುತ್ತಿರಬಹುದು. ನಾನು ಒಮ್ಮೆಯೂ ಹೋಗಿ ನೋಡಿಲ್ಲ. ಬಣ್ಣದ ವಿಷಯವೂ ಅಷ್ಟೇ ಮುಖ್ಯ. ಕೆಂಪು ಹಸಿರು ಬೇರ್ಪಡಿಸಿ ಕಾಣಲಾಗದ ತೊಂದರೆ ಗಂಡಸರಲ್ಲಿ ಅಪರೂಪವಲ್ಲ, ಉತ್ತರ ಯುರೋಪ್ ಮೂಲದವರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರು ಎಂಬ ಲೆಕ್ಕವಿದೆ. ನಮ್ಮ ಒಂಬತ್ತೂ ಪುಟಗಳಲ್ಲಿ ಕೆಂಪು ಹಸಿರೇ ಇದೆ. ನಾಳೆಯೇ ಬದಲಾಯಿಸುತ್ತೇನೆ.

ವಲಯ_ಮುಖ್ಯಸ್ಥ

ನಾನು ಬೇರೆ ಮಾತು ಹೇಳಬೇಕಾಗಿದೆ. ಎಲ್ಲರೂ ತಮ್ಮ ತಮ್ಮ ಕಡತ ಇಟ್ಟುಕೊಂಡರೆ ನಡೆಸುವವನ ಪಾಡು ಏನು? ನನ್ನ ಸೋಮವಾರದ ಸಭೆಗೆ ನಾಲ್ಕು ಶಾಖೆಯವರು ಬರುತ್ತಾರೆ. ಒಬ್ಬರ ಕಡತ ಶುಕ್ರವಾರ ಇಳಿಸಿದ್ದು, ಇನ್ನೊಬ್ಬರದ್ದು ಅಂದು ಬೆಳಿಗ್ಗೆ ಇಳಿಸಿದ್ದು, ಮತ್ತೊಬ್ಬರು ರದ್ದಾದ ಬೇಡಿಕೆಗಳನ್ನು ಕೈಯಾರೆ ತೆಗೆದುಹಾಕಿರುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಒಂದು ಗಂಟೆಯ ಸಭೆಯಲ್ಲಿ ನಲವತ್ತು ನಿಮಿಷ ಯಾರ ಅಂಕಿ ಸರಿ ಎಂಬುದಕ್ಕೇ ಹೋಗುತ್ತಿತ್ತು. ಗ್ರಾಹಕರ ಬಗ್ಗೆ ಮಾತಾಡಲು ಉಳಿಯುತ್ತಿದ್ದದ್ದು ಇಪ್ಪತ್ತು ನಿಮಿಷ.

ಬೇಸತ್ತು ಇಳಿಸಿಕೊಳ್ಳುವ ಗುಂಡಿಯನ್ನೇ ತೆಗೆಸಿದೆ. ಆಗ ಜನ ಪರದೆಯ ಚಿತ್ರ ತೆಗೆದು, ಅದನ್ನು ನೋಡಿಕೊಂಡು ಎಕ್ಸೆಲ್‌ಗೆ ಕೈಯಾರೆ ಟೈಪ್ ಮಾಡಲಾರಂಭಿಸಿದರು. ಒಬ್ಬರು 67ನ್ನು 76 ಎಂದು ಹೊಡೆದಿದ್ದರು. ಒಂದು ಶಾಖೆಯ ಗುರಿಯೇ ತಪ್ಪಾಗಿ ನಿಗದಿಯಾಯಿತು. ಮೂರು ವಾರದಲ್ಲಿ ಗುಂಡಿಯನ್ನು ಮತ್ತೆ ಹಾಕಿಸಿದೆ. ಬೀಗ ಹಾಕುವುದು ದಾರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸಭೆಯಲ್ಲಿ ಒಂದೇ ಅಂಕಿ ಇರಬೇಕು ಎಂಬ ನನ್ನ ಬೇಡಿಕೆ ತಪ್ಪು ಎಂದು ಯಾರೂ ಹೇಳಬೇಡಿ.

ತಾಳೆಪುಸ್ತಕ

ತಪ್ಪು ಎನ್ನುವುದಿಲ್ಲ, ಸರ್. ಆ ಒಂದು ಅಂಕಿಯ ಪಕ್ಕದಲ್ಲಿ ಅದು ಯಾವ ತಾರೀಖಿನ ಲೆಕ್ಕ, ರದ್ದಾದದ್ದು ಸೇರಿದೆಯೋ ಇಲ್ಲವೋ, ಬಿಲ್ಲು ಬರೆದ ದಿನವೋ ಸರಕು ಹೊರಟ ದಿನವೋ ಎಂದು ಎರಡು ಸಾಲು ಬರೆಸಿ. ನಿಮ್ಮ ನಲವತ್ತು ನಿಮಿಷದ ಜಗಳದಲ್ಲಿ ಬಹುಪಾಲು ಅಂಕಿಯ ಜಗಳವಲ್ಲ, ಪದದ ಜಗಳ. 31ರಂದು ಬಿಲ್ಲು ಬರೆದು 2ರಂದು ಲಾರಿ ಹೊರಟರೆ ಮಾರಾಟದವರಿಗೆ ಅದು ಹೋದ ತಿಂಗಳು, ಗೋದಾಮಿನವರಿಗೆ ಈ ತಿಂಗಳು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕರೆಕೇಂದ್ರ

ಇಲ್ಲಿಯವರೆಗೆ ಸರಕಿನ ಲೆಕ್ಕ, ಹಣದ ಲೆಕ್ಕ ಬಂತು. ಡ್ಯಾಶ್‌ಬೋರ್ಡಿನಲ್ಲಿ ನೌಕರನೇ ಅಂಕಿಯಾಗಿ ಕುಳಿತಿದ್ದರೆ ಏನಾಗುತ್ತದೆ ಎಂಬುದನ್ನೂ ಬರೆಯಬೇಕು.

ನಾನು ಗ್ರಾಹಕ ಸಹಾಯವಾಣಿಯಲ್ಲಿ ಐದು ವರ್ಷ ಕೆಲಸ ಮಾಡಿದೆ. ನಮ್ಮ ಸಾಲಿನ ಎದುರು ಗೋಡೆಯಲ್ಲಿ ದೊಡ್ಡ ಪರದೆ. ಪ್ರತಿಯೊಬ್ಬರ ಹೆಸರು, ಒಂದು ಕರೆಗೆ ತೆಗೆದುಕೊಳ್ಳುವ ಸರಾಸರಿ ಸಮಯ, ಪಕ್ಕದಲ್ಲಿ ಬಣ್ಣ. ಐದು ನಿಮಿಷ ದಾಟಿದರೆ ಹೆಸರು ಕೆಂಪಾಗುತ್ತಿತ್ತು. ನಾನು ದಿನಕ್ಕೆ ನಲವತ್ತು ಸಲವಾದರೂ ಆ ಪರದೆ ನೋಡುತ್ತಿದ್ದೆ. ಬಳಕೆ ಎಂದರೆ ಅದಕ್ಕಿಂತ ಹೆಚ್ಚು ಬಳಕೆ ಯಾವುದಿದೆ? ಆದರೆ ಅದು ನನಗೆ ಗ್ರಾಹಕರ ಬಗ್ಗೆ ಏನನ್ನೂ ಕಲಿಸಲಿಲ್ಲ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಕರೆ ಮಾಡಿದರು. ಪಾಸ್‌ವರ್ಡ್ ಬದಲಾಯಿಸಬೇಕಿತ್ತು, ಕೈ ನಡುಗುತ್ತಿದ್ದರಿಂದ ನಿಧಾನವಾಗಿ ಒತ್ತುತ್ತಿದ್ದರು. ನಾಲ್ಕೂಮುಕ್ಕಾಲು ನಿಮಿಷ ಆಗಿತ್ತು. ‘ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆ ಮಾಡಿ ಅಮ್ಮಾ’ ಎಂದು ಹೇಳಿ ಕರೆ ಮುಗಿಸಿದೆ. ಅವರು ಮತ್ತೆ ಕರೆ ಮಾಡಿ ಬೇರೆಯವರ ಬಳಿ ಮೊದಲಿನಿಂದ ಹೇಳಿಕೊಂಡಿರಬೇಕು. ಪರದೆಯ ಮೇಲೆ ಅದು ಎರಡು ಚಿಕ್ಕ, ಒಳ್ಳೆಯ ಕರೆಗಳು. ಆ ಧ್ವನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ವಿಚಾರದಲ್ಲಿ ಇದನ್ನೇ ಗುರುತಿಸಿದ್ದರು: ಒಂದು ಅಂಕಿಯನ್ನು ಹಿಡಿದು ನಿಯಂತ್ರಿಸಲು ಹೊರಟ ಕೂಡಲೇ ಅದರ ಹಳೆಯ ನಡವಳಿಕೆ ಮುರಿದುಬೀಳುತ್ತದೆ. ನಮ್ಮ ಗೋಡೆಯ ಪರದೆಗೆ ಅದು ಅಕ್ಷರಶಃ ಹೊಂದುತ್ತಿತ್ತು.

ಈಗ ಇರುವ ಕಡೆ ಆ ಸರಾಸರಿಯ ಜಾಗದಲ್ಲಿ, ಅದೇ ಗ್ರಾಹಕರು ಏಳು ದಿನದೊಳಗೆ ಅದೇ ಕಾರಣಕ್ಕೆ ಮತ್ತೆ ಕರೆ ಮಾಡಿದರೇ ಎಂಬುದನ್ನು ನೋಡುತ್ತಾರೆ. ಹೆಸರುಗಳಿರುವ ಪುಟವನ್ನು ಆಯಾ ನೌಕರರು ಮತ್ತು ಅವರ ತಂಡದ ಮುಖ್ಯಸ್ಥರು ಮಾತ್ರ ನೋಡಬಹುದು. ಗೋಡೆಯ ಮೇಲೆ ಯಾರ ಹೆಸರೂ ಇಲ್ಲ. ಕರೆಯೊಂದು ಹನ್ನೆರಡು ನಿಮಿಷ ಹಿಡಿದರೂ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ.

ಹೊಸ_ನೌಕರಿ

ಕೆಲಸಕ್ಕೆ ಸೇರಿ ಐದು ವಾರ. ಒಂದು ಸಣ್ಣ ಪ್ರಶ್ನೆ, ಯಾರನ್ನೂ ಕೇಳಲು ಧೈರ್ಯ ಬಂದಿಲ್ಲ. ನನ್ನ ಪರದೆಯಲ್ಲಿ ಬರುವ ಮೊತ್ತ ಪಕ್ಕದವರ ಪರದೆಯ ಮೊತ್ತಕ್ಕಿಂತ ಯಾವಾಗಲೂ ಕಡಿಮೆ. ನಾನು ಏನು ತಪ್ಪು ಮಾಡುತ್ತಿದ್ದೇನೆ?

ಕೋಷ್ಟಕ

ತಪ್ಪು ನಿಮ್ಮದಲ್ಲದೇ ಇರಬಹುದು. ಎರಡು ಕಾರಣ ಸಾಮಾನ್ಯ. ಮೊದಲನೆಯದು, ಹಿಂದೊಮ್ಮೆ ಹಾಕಿದ ಫಿಲ್ಟರ್ ಹಾಗೇ ಉಳಿದಿರುವುದು. ಪವರ್ ಬಿಐಯಂಥ ವ್ಯವಸ್ಥೆಗಳು ನೀವು ಕೊನೆಯ ಬಾರಿ ಬಿಟ್ಟುಹೋದ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುತ್ತವೆ. ಮೇಲೆ ಮೂಲಸ್ಥಿತಿಗೆ ಮರಳಿಸುವ ಗುಂಡಿ ಇರುತ್ತದೆ, ಒಮ್ಮೆ ಒತ್ತಿ ನೋಡಿ. ಎರಡನೆಯದು ಸಾಲು ಮಟ್ಟದ ಪ್ರವೇಶ. ಒಂದೇ ವರದಿ ತೆರೆದರೂ ನಿಮ್ಮ ಲಾಗಿನ್‌ಗೆ ನಿಮ್ಮ ಶಾಖೆಯ ಸಾಲುಗಳಷ್ಟೇ ಕಾಣುವ ಹಾಗೆ ಕಟ್ಟಿರುತ್ತಾರೆ. ಮೊತ್ತವೂ ಕಾಣುವ ಸಾಲುಗಳದ್ದೇ ಬರುತ್ತದೆ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು. ಐದು ವಾರ ಒಬ್ಬರೇ ಹೆದರಿಕೊಂಡು ಕೂರುವಂತೆ ಆಗಬಾರದಿತ್ತು.

ಹೊಸ_ನೌಕರಿ

ಎರಡನೆಯದೇ ಕಾರಣ! ಪಕ್ಕದವರಿಗೆ ಮೂರು ಶಾಖೆಗಳ ಪ್ರವೇಶ ಇದೆಯಂತೆ. ತುಂಬಾ ಧನ್ಯವಾದ.

ಕೋಷ್ಟಕ

ಬಿಳಿ ಹಲಗೆಯ ಮಾತಿಗೆ ಮತ್ತೆ ಬರುತ್ತೇನೆ, ಅದು ತಲೆಯಿಂದ ಹೋಗುತ್ತಿಲ್ಲ. ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಮಾತು ಇಂದಿನ ಅರ್ಥದಲ್ಲಿ ಹರಡಿದ್ದು 1989ರಲ್ಲಿ ವಿಶ್ಲೇಷಕ ಹೋವರ್ಡ್ ಡ್ರೆಸ್ನರ್ ಅದನ್ನು ಬಳಸಿದ ಮೇಲೆ. ಆದರೆ ಅದಕ್ಕೂ ಮೂವತ್ತೊಂದು ವರ್ಷ ಹಿಂದೆ, 1958ರಲ್ಲಿ, ಕಂಪ್ಯೂಟರ್ ಕಂಪನಿ ಐಬಿಎಂನ ಸಂಶೋಧಕ ಹಾನ್ಸ್ ಪೀಟರ್ ಲೂನ್ ಇದೇ ಹೆಸರಿನಲ್ಲಿ ಒಂದು ಲೇಖನ ಬರೆದಿದ್ದರು. ಅವರ ಕಲ್ಪನೆಯಲ್ಲಿ ಅಂಕಿಗಳ ಪಟ್ಟಿ, ನಕ್ಷೆ ಯಾವುದೂ ಇರಲಿಲ್ಲ. ಸಂಸ್ಥೆಯೊಳಗೆ ಬರುವ ದಾಖಲೆಗಳನ್ನು ಯಂತ್ರ ಓದಿ, ಸಾರ ತೆಗೆದು, ಯಾರಿಗೆ ಯಾವುದು ಬೇಕೋ ಅವರವರ ಆಸಕ್ತಿಯ ಪಟ್ಟಿಗೆ ಹೋಲಿಸಿ, ಅವರ ಬಳಿಗೆ ಕಳಿಸುವುದು. ಅಂದರೆ ಮಾಹಿತಿ ನೌಕರನ ಬಳಿಗೆ ಹೋಗಬೇಕಿತ್ತು. ನಾವು ಕಟ್ಟಿದ್ದು ಇದರ ತಿರುವುಮುರುವು: ಒಂಬತ್ತು ಪುಟಗಳನ್ನು ಒಂದೆಡೆ ಇಟ್ಟು ಎಲ್ಲರೂ ಬಂದು ಹುಡುಕಿಕೊಳ್ಳಿ ಎಂದೆವು. ದಾಸ್ತಾನು_ಪಾಳಿ ಅವರು ದಿನವೂ ಹತ್ತು ನಿಮಿಷ ಮೊದಲೇ ಬಂದು ಮಾಡುತ್ತಿರುವುದು ಲೂನ್ ಹೇಳಿದ ಕೆಲಸವನ್ನೇ.

ದಾಸ್ತಾನು_ಪಾಳಿ

ಹಾಗಾದರೆ ಪಾಳಿಗೆ ಮೊದಲು ಆ ಪಟ್ಟಿ ತಾನೇ ಮುದ್ರಣವಾಗಿ ಬರುವ ಹಾಗೆ ಮಾಡಿಕೊಡಿ. ಹಲಗೆ ಇರಲಿ, ಒರೆಸುವುದು ಹುಡುಗರಿಗೆ ಇಷ್ಟ. ಆದರೆ ಅಂಕಿ ಎಷ್ಟು ಗಂಟೆಯದು ಎಂದು ಮೇಲ್ಗಡೆ ದಪ್ಪಕ್ಷರದಲ್ಲಿ ಇರಬೇಕು. ರಾತ್ರಿ ಪಾಳಿಯವರು ಕಳಿಸಿದ ಸರಕು ಬೆಳಗಿನ ಅಂಕಿಯಲ್ಲಿ ಕಳೆದಿರುವುದಿಲ್ಲ, ಅದರಿಂದ ಎರಡು ಸಲ ಇಲ್ಲದ ಸರಕು ಹುಡುಕಿ ಅಲೆದಿದ್ದೇವೆ.

ಅಂಕಿನೋಟ (ಐದು ವಾರಗಳ ನಂತರ)

ಎಲ್ಲರಿಗೂ ವಂದನೆಗಳು. ತರಬೇತಿ ಮುಂದೂಡಿಸಿ, ಆ ದಿನಗಳಲ್ಲಿ ಬಳಸುವವರ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ಲೆಕ್ಕಪತ್ರದಲ್ಲಿ ಎರಡು ದಿನ, ಗೋದಾಮಿನಲ್ಲಿ ಒಂದು ಬೆಳಿಗ್ಗೆ, ವಸೂಲಿ ವಿಭಾಗದಲ್ಲಿ ಒಂದು ದಿನ.

ಮಾಡಿದ ಬದಲಾವಣೆ ಕಡಿಮೆ. ಮುಗಿದ ತಿಂಗಳ ಅಂಕಿಗೆ ಈಗ ಎರಡು ಅಂಕಣ: ‘ತಿಂಗಳು ಮುಗಿದ ದಿನ ಇದ್ದಂತೆ’ ಮತ್ತು ‘ಇಂದಿನಂತೆ’. ಪ್ರತಿ ಮೊತ್ತದ ಕೆಳಗೆ ಅದರ ಅರ್ಥ ಎರಡು ಸಾಲಿನಲ್ಲಿ. ನಡುವಿನ ಏಳು ಪುಟಗಳಲ್ಲಿ ನಾಲ್ಕನ್ನು ತೆಗೆದುಹಾಕಿದೆವು, ಯಾರೂ ಕೇಳಲಿಲ್ಲ. ಗೋದಾಮಿಗೆ ಬೆಳಗಿನ ಪಟ್ಟಿ ಗಂಟೆಯ ಸಮೇತ ಮುದ್ರಣವಾಗುತ್ತದೆ. ಲೆಕ್ಕಪತ್ರದವರು ಇಳಿಸಿಕೊಳ್ಳುವುದು ಬಹಳ ಕಡಿಮೆಯಾಗಿದೆ.

ವಸೂಲಿಯವರದ್ದು ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ. ಯಾಕೆಂದು ಅಲ್ಲಿ ಕುಳಿತ ದಿನ ಕಂಡೆ. ಬಾಕಿ ಪಟ್ಟಿಯನ್ನು ಇಳಿಸಿಕೊಂಡ ಸಹೋದ್ಯೋಗಿ ಬಲತುದಿಯಲ್ಲಿ ಒಂದು ಖಾಲಿ ಅಂಕಣ ಸೇರಿಸುತ್ತಾರೆ. ಒಂದೊಂದು ಕರೆ ಮುಗಿದ ಮೇಲೆ ಅದರಲ್ಲಿ ಬರೆಯುತ್ತಾರೆ: ‘ಗುರುವಾರ ಕೊಡುತ್ತೇನೆ ಎಂದರು’, ‘ತಂದೆಗೆ ಹುಷಾರಿಲ್ಲ, ಈ ವಾರ ಕೇಳುವುದು ಬೇಡ’, ‘ಸರಕು ಒಡೆದಿತ್ತಂತೆ, ಗೋದಾಮಿನಲ್ಲಿ ವಿಚಾರಿಸಬೇಕು’. ನಾವು ಕೋಟಿಗಟ್ಟಲೆ ಸಾಲು ಕೂಡಿಹಾಕಿದ್ದೇವೆ, ಅದರಲ್ಲಿ ಎಲ್ಲೂ ಇಲ್ಲದ ಸಂಗತಿ ಆ ಒಂದು ಅಂಕಣದಲ್ಲಿದೆ. ನಮ್ಮ ವ್ಯವಸ್ಥೆಯಲ್ಲಿ ಓದಲು ಜಾಗವಿದೆ, ಬರೆಯಲು ಇಲ್ಲ. ಟಿಪ್ಪಣಿಯನ್ನು ಅಲ್ಲಿಯೇ ಬರೆಯುವ ಹಾಗೆ ಯಾರಾದರೂ ಮಾಡಿದ್ದೀರಾ?

ತಾಳೆಪುಸ್ತಕ

ನಮ್ಮಲ್ಲಿ ಮಾಡಿದ್ದಾರೆ. ಹಂಚಿಕೊಂಡ ಒಂದು ಪಟ್ಟಿ: ಬಿಲ್ ಸಂಖ್ಯೆ, ಟಿಪ್ಪಣಿ, ಬರೆದವರು, ತಾರೀಖು, ಇಷ್ಟೇ. ರಾತ್ರಿ ಅದನ್ನು ವ್ಯವಸ್ಥೆಗೆ ತುಂಬುತ್ತಾರೆ, ಬೆಳಿಗ್ಗೆ ಬಾಕಿ ಪುಟದಲ್ಲಿ ಬಿಲ್ಲಿನ ಪಕ್ಕದಲ್ಲೇ ಕಾಣುತ್ತದೆ. ಮನೆಯ ಕಷ್ಟ ಸುಖದ ಟಿಪ್ಪಣಿಗಳನ್ನು ವಸೂಲಿಯವರು ಬಿಟ್ಟು ಬೇರೆಯವರು ನೋಡದ ಹಾಗೆ ಮಾಡಿಸಿ, ಅದು ಮುಖ್ಯ. ಹಳೆಯ ಟಿಪ್ಪಣಿಯನ್ನು ಅಳಿಸಬೇಡಿ, ಹೊಸದನ್ನು ಮೇಲೆ ಸೇರಿಸಿ. ಇನ್ನೊಂದು: ಬಿಲ್ ಸಂಖ್ಯೆಯ ಅಂಕಣವನ್ನು ಮೊದಲೇ ಪಠ್ಯ ಎಂದು ಗೊತ್ತುಮಾಡಿ. ಇಲ್ಲದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತೆಗೆದುಬಿಡುತ್ತದೆ, 004512 ಎಂಬುದು 4512 ಆಗುತ್ತದೆ, ಟಿಪ್ಪಣಿ ಯಾವ ಬಿಲ್ಲಿಗೂ ಜೋಡಣೆಯಾಗುವುದಿಲ್ಲ. ನಾವು ಮೊದಲ ವಾರ ಪೂರ್ತಿ ಅದನ್ನೇ ಹುಡುಕಿದ್ದೆವು.